ನಮ್ಮ ಪಡಸಾಲೆಯಲ್ಲಿ ಒಂದು ಹರಿಗೋಲು

ನನ್ನಲ್ಲೊಂದು ದೋಷವಿದೆ. ನಾನು ಜೋಪಾನ ಮಾಡಿದ ವಸ್ತು ಉಳಿಯುವುದಿಲ್ಲ. ಬೇಜವಾಬ್ದಾರಿಯಿಂದ ಕೆಡಿಸುವವರು ಊರಿಗೆ ನೂರು ಜನ ಸಿಗುತ್ತಾರೆ. ನಾನು ಕಾಳಜಿ ಮಾಡಿ ಕೆಡಿಸುವವನು. ಮದುವೆಯಲ್ಲಿ ಮಾವನವರು ಒಂದು ಛತ್ರಿ ಕೊಟ್ಟಿದ್ದರು. ಮಳೆಗೆ ನೆನೆದು ಕೆಟ್ಟೀತೆಂದು ಅದನ್ನು ಮಳೆಗಾಲದಲ್ಲಿ ಬಿಚ್ಚುತ್ತಲೇ ಇರಲಿಲ್ಲ. ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅಟ್ಟದ ಮೇಲೆ ಮಲಗಿಸಿದ್ದೆ. ಮೂರು ವರ್ಷದ ಮೇಲೆ ತೆಗೆದಾಗ ಕಡ್ಡಿಗಳು ಮಾತ್ರ ಇದ್ದವು. ಟ್ರಂಕಿನ ಕೀಲಿಕೈ ಕಳೆಯಬಾರದೆಂದು ಒಮ್ಮೆ ಅದನ್ನು ಟ್ರಂಕಿನೊಳಗೇ ಇಟ್ಟು ಬೀಗ ಒತ್ತಿದ್ದೆ. ಅದೇ ವೇಳೆಗೆ ನಮ್ಮ ಹಳೆಯ ತಂಬಿಗೆಯೊಂದು ವರ್ಷಗಟ್ಟಲೆ ಬೀದಿಯ ಕಟ್ಟೆಯ ಮೇಲೆ ಬಿದ್ದಿರುತ್ತಿತ್ತು; ಅದನ್ನು ಯಾರೂ ಮುಟ್ಟಲಿಲ್ಲ. ನನ್ನ ಹೆಂಡತಿ ಶಾಂತವ್ವ ಇದನ್ನೆಲ್ಲ ಕಂಡವಳು. ಒಮ್ಮೆ ನನಗೆ ಕಾಳಜಿ ಉಕ್ಕಿ, "ಬಿಸಿಲಾಗ ಹೊರಗ ಹೋಗಬ್ಯಾಡ" ಎಂದರೆ, "ನೀವು ನನ್ನ ಮ್ಯಾಲ ಮಾತ್ರ ಕಾಳಜಿ ಮಾಡಬ್ಯಾಡ್ರಿ, ನಾ ಇನ್ನೂ ನಾಕ ದಿನ ಬದುಕಬೇಕಂತ ಮಾಡೀನಿ" ಎಂದು ಕೈಮುಗಿದಳು.

ಇಂಥವನು ವಿಮೆಯ ಏಜೆಂಟನಾದೆ. ಆಗ ದೊಡ್ಡ ಯುದ್ಧ ನಡೆದಿತ್ತು. ನಾನು ದೇವದುರ್ಗದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ನಿಜಾಮರ ಸೀಮೆಯಾದ್ದರಿಂದ ಶಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಮೈಗೆ ಶೇರವಾನಿ, ತಲೆಗೆ ಗೊಂಡೆ ಇರುವ ಕೆಂಪು ರೂಮಿ ಟೊಪ್ಪಿಗೆ. ರಾಯಚೂರಿನಲ್ಲಿ ಒಂದು ಎಣ್ಣೆಗಿರಣಿಯ ಮಾಳಿಗೆಯ ಮೇಲೆ ಮುಂಬಯಿಯ ಒಂದು ವಿಮಾ ಕಂಪನಿಯ ಶಾಖೆ ಇತ್ತು. ಅಲ್ಲಿಯ ಮ್ಯಾನೇಜರು ನನಗೆ ನಾಲ್ಕಕ್ಷರ ಇಂಗ್ಲಿಷು ಬರುತ್ತದೆಂದು ಕೇಳಿ ಕರೆಸಿ, ಒಂದು ತೊಗಲಿನ ಚೀಲ, ಒಂದು ಕಟ್ಟು ಫಾರ್ಮು, ಮತ್ತೆ ಎಂಟು ಮೊಳ ಉದ್ದದ ಒಂದು ಕ್ಯಾನ್ವಾಸ್ ಪಟ ಕೊಟ್ಟರು. ಪಟದ ಮೇಲೆ ದಪ್ಪ ಎಣ್ಣೆಬಣ್ಣದಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು ಒಂದೇ ಛತ್ರಿಯ ಕೆಳಗೆ ನಿಂತು ನಗುತ್ತಿದ್ದರು. ಕೆಳಗೆ ಕನ್ನಡದಲ್ಲಿ "ಚಿಂತೆ ನಮಗೆ ಬಿಡಿ" ಎಂದು ಬರೆದಿತ್ತು. ಅದನ್ನು ನಮ್ಮ ಮನೆಯ ಮುಂಗೋಡೆಗೆ ಕಟ್ಟಿದೆ. ಛತ್ರಿ ನೋಡಿ ಶಾಂತವ್ವ ನನ್ನ ಮುಖ ನೋಡಿದಳು.

ದೇವದುರ್ಗದಲ್ಲಿ ಜೀವವಿಮೆ ಮಾರುವುದು ಎಂಥ ಕಷ್ಟವೆಂದು ಮಾರಿದವನಿಗೇ ಗೊತ್ತು. ಜನ ಅದನ್ನು ಬೀಮಾ ಎನ್ನುತ್ತಿದ್ದರು, ಹೆಸರು ಕೇಳಿದೊಡನೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಒಬ್ಬ ಒಕ್ಕಲಿಗ, "ಸಾಯೂದಕ್ಕ ಈಗೇ ಸಹಿ ಮಾಡ್ಲೇನ್ರಿ? ಇನ್ನಾ ಬಿತ್ತಿಗಿ ಆಗಿಲ್ಲ" ಎಂದ. ಕಿರಾಣಿ ಅಂಗಡಿಯ ಮುದುಕ ಸಾವಕಾರರು ಎಲ್ಲವನ್ನೂ ಸಮಾಧಾನವಾಗಿ ಕೇಳಿ, "ನಾ ಸತ್ತರ ಮಗನಿಗಿ ಕೊಡತದ, ಖರೆ. ನಾ ಸಾಯಂಗಿಲ್ಲಂತ ಕಂಪನಿ ಬರದು ಕೊಡತದೇನು? ಕೊಟ್ಟರ ಹೇಳ್ರಿ, ಈಗೇ ಒತ್ತತೀನಿ ಹೆಬ್ಬಟ್ಟು" ಎಂದರು. ನಾಲ್ಕು ತಿಂಗಳಾದರೂ ಒಂದು ಪಾಲಿಸಿ ಆಗಲಿಲ್ಲ. ಯುಗಾದಿಯೊಳಗೆ ಒಂದಾದರೂ ಮಾಡದಿದ್ದರೆ ಚೀಲ, ಪಟ ಎರಡನ್ನೂ ವಾಪಸು ಕಳಿಸಬೇಕೆಂದು ಮ್ಯಾನೇಜರ ಕಾಗದ ಬಂತು.

ಅದೇ ದಿನಗಳಲ್ಲಿ ನಮ್ಮ ಮನೆಯ ಬೆಕ್ಕಿನ ಪ್ರಕರಣವೂ ನಡೆಯಿತು. ಕೆಂಪಿ ಎಂದು ಶಾಂತವ್ವ ಅದನ್ನು ಮಗಳಂತೆ ಸಾಕಿದ್ದಳು. ಅದಕ್ಕೆ ನನ್ನ ರೂಮಿ ಟೊಪ್ಪಿಗೆಯಲ್ಲಿ ಮಲಗುವ ಚಟ. ಮಲಗಿದರೆ ಮಲಗಲಿ ಎಂದು ಸುಮ್ಮನಿದ್ದೆ. ಇನ್ಸ್ಪೆಕ್ಟರ್ ಸಾಹೇಬರು ಶಾಲೆ ನೋಡಲು ಬಂದ ದಿನ ನಾನು ಬಾಗಿ ಸಲಾಮು ಮಾಡಿದರೆ ಹುಡುಗರೆಲ್ಲ ಕಿಸಕ್ಕನೆ ನಕ್ಕರು. ಟೊಪ್ಪಿಗೆಯ ಗೊಂಡೆಯನ್ನು ಕೆಂಪಿ ಬುಡಸಮೇತ ಕಡಿದು ತಿಂದಿತ್ತು. ಗೊಂಡೆಯಿಲ್ಲದ ರೂಮಿ ಟೊಪ್ಪಿಗೆ ನೋಡಲು ಬೋರಲು ಹಾಕಿದ ಹೂಕುಂಡದ ಹಾಗಿರುತ್ತದೆ. ನನಗೆ ತಡೆಯಲಾಗದ ಸಿಟ್ಟು ಬಂತು. ಬೆಕ್ಕನ್ನು ಎಲ್ಲಿ ಬಿಟ್ಟರೂ ಮನೆಗೆ ಬರುತ್ತದೆ, ಹೊಳೆ ದಾಟಿಸಿದರೆ ಮಾತ್ರ ಬರುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ಬಲ್ಲರು. ಭಾನುವಾರ ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು, ಗಾಡಿ ಹಿಡಿದು ಜಾಲಹಳ್ಳಿಯ ಆಚೆ ಕೃಷ್ಣೆಯ ದಂಡೆಗೆ ಹೋದೆ.

ಅಲ್ಲಿ ಅಂಬಿಗರ ಭೀಮಣ್ಣನ ಹರಿಗೋಲು ನಡೆಯುತ್ತಿತ್ತು. ಹರಿಗೋಲೆಂದರೆ ನೋಡದವರಿಗೆ ಹೇಳುತ್ತೇನೆ: ಬಿದಿರು ಹೆಣೆದು ಮಾಡಿದ ಒಂದು ದೊಡ್ಡ ದುಂಡನೆಯ ಬುಟ್ಟಿ, ಹೊರಗೆ ಎಮ್ಮೆಯ ತೊಗಲು ಹೊದಿಸಿ ಬಿಗಿದದ್ದು. ಅದರಲ್ಲಿ ಹತ್ತು ಜನ ಕೂರಬಹುದು, ನೂಕಿದರೆ ಹನ್ನೆರಡು. ಭೀಮಣ್ಣ ಚೀಲದೊಳಗಿನ ಕೂಗು ಕೇಳಿ, "ಯಪ್ಪಾ, ಏನ್ರಿ ಮಾಸ್ತರ, ಬೆಕ್ಕಿನ ಗಡೀಪಾರ ಮಾಡಾಕತ್ತೀರೇನು?" ಎಂದು ನಕ್ಕ. ಆಚೆ ದಂಡೆಯಲ್ಲಿ ಕೆಂಪಿಯನ್ನು ಬಿಟ್ಟು, ಬರಿಯ ಚೀಲ ಮಡಿಚಿಕೊಂಡು ಹಿಂದಿರುಗುವಾಗ ಅವನೊಡನೆ ಮಾತಿಗೆ ಬಿದ್ದೆ. ಆ ಕಡವಿನಲ್ಲಿ ದಾಟಿದಾಗಲೊಮ್ಮೆ ರೊಕ್ಕ ಕೊಡುವ ಪದ್ಧತಿ ಇಲ್ಲ. ಸುಗ್ಗಿಯಲ್ಲಿ ಎರಡೂ ದಂಡೆಯ ಊರವರು ಅಂಬಿಗನಿಗೆ ಜೋಳದ ಆಯ ಕೊಡುತ್ತಾರೆ. ಆದರೆ ಆಚೆ ದಂಡೆಯಲ್ಲಿ ಇನ್ನೊಬ್ಬ ಮುದುಕ ಅಂಬಿಗನಿದ್ದಾನೆ. ಮಳೆಗಾಲದ ಮೊದಲ ನೀರು ಬಂದ ದಿನ, ಒಬ್ಬ ಪ್ರಯಾಣಿಕನನ್ನು ಹೊತ್ತು ಯಾರ ಹರಿಗೋಲು ಮೊದಲು ಎದುರು ದಂಡೆ ಮುಟ್ಟುತ್ತದೋ ಆ ವರ್ಷದ ಆಯವೆಲ್ಲ ಅವನದು. ಇನ್ನೊಬ್ಬ ಆ ವರ್ಷ ಕೂಲಿಗೆ ಹೋಗಬೇಕು. ಭೀಮಣ್ಣನ ಮನೆಯಲ್ಲಿ ಏಳು ಬಾಯಿ. ನನ್ನೊಳಗಿನ ಏಜೆಂಟ ಎದ್ದು ಕೂತ. "ಭೀಮಣ್ಣ, ಆ ಹೊತ್ತಿಗೆ ನಿನ್ನ ಹರಿಗೋಲಿಗಿ ಏನರ ಆತಂದ್ರ?" ಎಂದೆ. ಅವನ ಹುಟ್ಟು ನೀರಿನಲ್ಲೇ ನಿಂತಿತು. "ಜೀವದ ಬೀಮಾ ಬ್ಯಾಡ, ಹರಿಗೋಲಿಂದು ಮಾಡಸು. ಏನಾದ್ರೂ ಕಂಪನಿ ಹೊಸಾದು ಕೊಡತದ, ಮೊದಲ ನೀರಿನ ಒಳಗ" ಎಂದುಬಿಟ್ಟೆ. "ನೀವು ಹೇಳಿದಿರಂದ್ರ ಮುಗೀತು ಬಿಡ್ರಿ" ಎಂದ ಭೀಮಣ್ಣ. ಮೊದಲ ನೀರಿನ ಒಳಗೆ ಎಂದು ಕಂಪನಿ ಎಲ್ಲಿಯೂ ಬರೆದಿರಲಿಲ್ಲ. ಅದು ನನ್ನ ಉತ್ಸಾಹ.

ಮುಂಬಯಿಯಿಂದ ಹಡಗಿನ ಫಾರ್ಮು ಬಂತು. ಅವರ ಹತ್ತಿರ ನೀರಿನ ಮೇಲೆ ತೇಲುವ ಸಕಲಕ್ಕೂ ಅದೊಂದೇ ಫಾರ್ಮು. ಒಂದು ಕಾಲಮನ್ನೂ ಖಾಲಿ ಬಿಡಬಾರದೆಂದು ಮ್ಯಾನೇಜರ ತಾಕೀತು. ದಂಡೆಯ ಬೇವಿನ ಮರದ ಕೆಳಗೆ ಕೂತು ತುಂಬಿಸತೊಡಗಿದೆವು. ಹಡಗಿನ ಹೆಸರೇನು ಎಂದಿತ್ತು. "ಹರಿಗೋಲಿಗಿ ಹೆಸರು ಯಾಕ್ರಿ? ಕರದ್ರ ಬರತದೇನು?" ಎಂದ ಭೀಮಣ್ಣ. ಹಡಗಿನ ಮುಂಭಾಗ ಯಾವುದು, ಹಿಂಭಾಗ ಯಾವುದು ಎಂದಿತ್ತು. ಭೀಮಣ್ಣ ದುಂಡನೆಯ ಬುಟ್ಟಿಯನ್ನು ಸುತ್ತಲೂ ನೋಡಿ, "ನಾ ಕುಂತಿದ್ದು ಹಿಂದ, ಹೋಗೂ ಊರು ಮುಂದ ಅಂತ ಬರೀರಿ" ಎಂದ, ಹಾಗೆಯೇ ಬರೆದೆ. ಯಂತ್ರದ ಶಕ್ತಿ ಎಷ್ಟು ಎಂಬಲ್ಲಿ ತನ್ನ ಎರಡು ತೋಳು ತೋರಿಸಿದ. ಆಮೇಲೆ ಕಂಪನಿ ಯಾವ ಯಾವ ಗಂಡಾಂತರಕ್ಕೆ ಪರಿಹಾರ ಕೊಡುತ್ತದೆಂದು ಓದಿ ಹೇಳಿದೆ: ಬಿರುಗಾಳಿ, ಬೆಂಕಿ, ಕಡಲ್ಗಳ್ಳರು, ಶತ್ರುಗಳ ಸಬ್‌ಮರೀನು. ಸಬ್‌ಮರೀನೆಂದರೇನೆಂದು ಕೇಳಿದ. ನೀರಿನ ಕೆಳಗೆ ಮುಳುಗಿ ನಡೆಯುವ ಹಡಗು ಎಂದೆ. ಭೀಮಣ್ಣ ಬಹಳ ಹೊತ್ತು ಯೋಚಿಸಿ, "ಮುಳುಗಿದ ಮ್ಯಾಲೂ ನಡೀತದಾ? ಅಂಥಾದ್ದೊಂದು ಕೊಡಸ್ರಿ ಮಾಸ್ತರ, ಬೀಮಾ ಯಾಕ ಬೇಕು!" ಎಂದ.

ಕೊನೆಯಲ್ಲೊಂದು ಷರತ್ತು ಇತ್ತು. ಪ್ರಯಾಣವಿಲ್ಲದ ಕಾಲದಲ್ಲಿ ಹಡಗನ್ನು ಸೂರಿನ ಕೆಳಗೆ, ಬೀಗದ ಒಳಗೆ, ಜವಾಬ್ದಾರಿಯುಳ್ಳ ವ್ಯಕ್ತಿಯ ವಶದಲ್ಲಿ ಇಟ್ಟಿರಬೇಕು. ಭೀಮಣ್ಣ ಬೇಸಿಗೆಯಲ್ಲಿ ಹೊಳೆ ಬತ್ತಿದ ಮೇಲೆ ಹರಿಗೋಲನ್ನು ಅದೇ ಬೇವಿನ ಮರದ ಕೆಳಗೆ ಮೂರು ಕಲ್ಲಿನ ಮೇಲೆ ಬೋರಲು ಹಾಕಿ, ಅಮಾವಾಸ್ಯೆಗೊಮ್ಮೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದ. ಅವನ ಅಜ್ಜನ ಕಾಲದಿಂದ ಒಂದು ತೊಗಲೂ ಕೆಟ್ಟಿರಲಿಲ್ಲ. ನನಗದು ಸರಿಕಾಣಲಿಲ್ಲ. ಬಯಲಲ್ಲಿ, ಬೀಗವಿಲ್ಲದೆ, ಕಾಯುವವರಿಲ್ಲದೆ! ಸೂರು, ಬೀಗ, ಜವಾಬ್ದಾರಿ ಮೂರೂ ಇರುವ ಜಾಗ ನನಗೆ ಗೊತ್ತಿದ್ದದ್ದು ಒಂದೇ. ಜವಾಬ್ದಾರಿಯುಳ್ಳ ವ್ಯಕ್ತಿ ಎಂಬಲ್ಲಿ ನನ್ನ ಹೆಸರು ಬರೆದು, ಕೆಳಗೆ ಉದ್ದನೆಯ ಸಹಿ ಎಳೆದೆ.

ಪಾಲಿಸಿ ಮಂಜೂರಾಯಿತು. ಹೋಳಿಹುಣ್ಣಿಮೆ ಕಳೆದ ಮೇಲೆ ಹರಿಗೋಲು ಎತ್ತಿನ ಗಾಡಿಯ ಮೇಲೆ ಬೋರಲಾಗಿ ಕೂತು ದೇವದುರ್ಗಕ್ಕೆ ಬಂತು. ನಮ್ಮ ಬಾಗಿಲಿಗೆ ಬಂದಾಗ ತಿಳಿಯಿತು, ಅದು ಒಳಗೆ ಹಿಡಿಯುವುದಿಲ್ಲ. ಅಡ್ಡ ಹಿಡಿದೆವು, ನಿಲ್ಲಿಸಿ ಗಾಲಿಯಂತೆ ಉರುಳಿಸಿದೆವು, ಓಣಿಯವರೆಲ್ಲ ಒಬ್ಬೊಬ್ಬರು ಒಂದೊಂದು ಬುದ್ಧಿ ಹೇಳಿದರು. ಕಡೆಗೆ ಬಾಗಿಲಿನ ಚೌಕಟ್ಟನ್ನೇ ಕಿತ್ತು ಹರಿಗೋಲನ್ನು ಒಳಗೆ ತಂದೆವು. ಬೀಗದ ಭದ್ರತೆಗೆಂದು ಬಂದದ್ದರಿಂದ ಮೂರು ದಿನ ನಮ್ಮ ಮನೆಗೆ ಬಾಗಿಲೇ ಇರಲಿಲ್ಲ. ಅದು ಪಡಸಾಲೆ ತುಂಬ ಕೂತಿತು. ಅಡಿಗೆಮನೆಗೆ ಹೋಗಬೇಕಾದರೆ ಗೋಡೆಗೆ ಬೆನ್ನು ಹಚ್ಚಿ ಸರಿಯಬೇಕು. "ಎಮ್ಮಿ ತೊಗಲು ತಂದು ಪಡಸಾಲ್ಯಾಗ ಇಟ್ಟೀರಲ್ಲ" ಎಂದಳು ಶಾಂತವ್ವ, "ಎಮ್ಮಿನೇ ತಂದಿದ್ರ ಹಾಲರ ಕೊಡತಿತ್ತು."

ಆದರೆ ಭೀಮಣ್ಣ ಹೋಗುವ ಮೊದಲು ತೊಗಲಿಗೆಲ್ಲ ಔಡಲೆಣ್ಣೆ ಸವರಿ, ಕುಂಕುಮವಿಟ್ಟು, ಹರಿಗೋಲಿನ ಅಡಿಯಲ್ಲಿ ಒಂದು ಸೇರು ಜೋಳ, ಒಂದು ಬೆಲ್ಲದ ಉಂಡೆ ಇಟ್ಟ. "ತಾಯಿ ನಮಗ ಅನ್ನ ಹಾಕತಾಳ ಯವ್ವಾ, ಹಸಕೊಂಡು ಮಲಗಬಾರದು" ಎಂದು ಅವಳಿಗೆ ಹೇಳಿದ. ಮರದ ಕೆಳಗಿದ್ದಾಗ ಆ ಜೋಳವನ್ನು ಗುಬ್ಬಿ, ಅಳಿಲು ತಿಂದು ಹೋಗುತ್ತಿದ್ದವು. ಅವನ ಮಾತು ಶಾಂತವ್ವನ ಮನಸ್ಸಿಗೆ ನಾಟಿತು. ಅಂದಿನಿಂದ ಸೋಮವಾರಕ್ಕೊಮ್ಮೆ ಹಳೆಯ ಜೋಳ ತೆಗೆದು ಹೊಸದು ಇಡತೊಡಗಿದಳು. ತೆಗೆಯಲು ಹಳೆಯದು ಉಳಿದಿರುತ್ತಲೇ ಇರಲಿಲ್ಲ. "ತಾಯಿ ಉಂಡಾಳ ನೋಡ್ರಿ" ಎಂದು ಸಂತೋಷಪಡುತ್ತಿದ್ದಳು. ಒಳಗಿನಿಂದ ಕರಕರ ಸದ್ದು ಬರುತ್ತದೆಂದಾಗ ನಾನು ಅವಳಿಗೆ ವಿಜ್ಞಾನದ ಪಾಠ ಹೇಳಿದೆ: ಬಿಸಿಲಿಗೆ ತೊಗಲು ಒಣಗಿ ಕುಗ್ಗುತ್ತದೆ, ಕುಗ್ಗಿದಾಗ ಬಿದಿರು ಮೈಮುರಿಯುತ್ತದೆ, ಅದರ ಸದ್ದು ಅದು. ಎರಡನೆಯ ಸಲ ಕೇಳಿದಾಗ ಗೋಡೆಯ ಮೇಲೆ ಸುಣ್ಣದಕಡ್ಡಿಯಿಂದ ಚಿತ್ರ ಬರೆದೂ ತೋರಿಸಿದೆ.

ಬಸವಜಯಂತಿಯ ಮಾರನೆಯ ದಿನ ಭೀಮಣ್ಣ ಎಣ್ಣೆ ಸವರಲು ಬಂದ. ಇಬ್ಬರೂ ಸೇರಿ ಹರಿಗೋಲನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದೆವು. ಬೆಳಕು ಈ ಕಡೆಗೆ ಬಂತು. ಬಹಳ ಜಾಗದಿಂದ ಬಂತು. ನಾಲ್ಕು ಇಲಿಗಳು ನಮ್ಮ ಕಾಲ ಸಂದಿಯಿಂದ ಹಾಯ್ದು ಹೋದವು. ಆತುರವೇನೂ ಇರಲಿಲ್ಲ, ಹೊಟ್ಟೆ ತುಂಬಿದವರ ನಡಿಗೆ. ಜೋಳ, ಬೆಲ್ಲ ಊಟಕ್ಕೆ, ಔಡಲೆಣ್ಣೆ ಸವರಿದ ತೊಗಲು ಬಾಯಾಡಿಸಲಿಕ್ಕೆ. ಭೀಮಣ್ಣ ಕುಕ್ಕರುಗಾಲಿನಲ್ಲಿ ಕೂತು ಒಂದು ತೂತಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ತಲೆಯೆತ್ತಿ, "ಹೊಸಾದು ಕೊಡತದಲ್ರಿ ಕಂಪನಿ? ಮೃಗಶಿರ ಮಳಿ ಇನ್ನ ತಿಂಗಳೊಪ್ಪತ್ತಿನಾಗ ಅದ" ಎಂದ. "ಕೊಡತದ" ಎಂದೆ.

ಕಂಪನಿಗೆ ಬರೆದೆ. ಮೂರು ವಾರಕ್ಕೆ ಒಂದು ಪ್ರಶ್ನಾವಳಿ ಬಂತು. ಅಪಘಾತ ಯಾವ ಸಮುದ್ರದಲ್ಲಿ ಆಯಿತು? ಪಡಸಾಲೆಯಲ್ಲಿ ಎಂದು ಬರೆದೆ. ಆಗ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು? ಅಡಿಗೆಮನೆಯ ಕಡೆಯಿಂದ. ಶತ್ರುಗಳನ್ನು ಮೊದಲು ಕಂಡವರು ಯಾರು, ಎಷ್ಟು ದೂರದಲ್ಲಿ? ನಾನು, ಕಾಲ ಸಂದಿಯಲ್ಲಿ. ಹಡಗನ್ನು ಉಳಿಸಲು ಮಾಡಿದ ಪ್ರಯತ್ನವೇನು? ಇಲ್ಲಿ ಸುಣ್ಣದಕಡ್ಡಿಯ ಚಿತ್ರದ ವಿಷಯ ಬರೆಯುವುದೋ ಬೇಡವೋ ಎಂದು ಯೋಚಿಸಿ, ಪತ್ನಿಗೆ ವಿವರಣೆ ನೀಡಲಾಯಿತು ಎಂದಷ್ಟೆ ಬರೆದೆ. ಕೊನೆಯ ಪ್ರಶ್ನೆ ಓದಿ ಮಾತ್ರ ನನ್ನ ಲೇಖಣಿ ನಿಂತುಹೋಯಿತು. ಹಡಗಿನಲ್ಲಿ ಬೆಕ್ಕು ಇತ್ತೆ?

ಇದೇನು ಚೇಷ್ಟೆಯೆಂದು ಕೇಳಲು ರಾಯಚೂರಿಗೆ ಓಡಿದೆ. ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ನಡೆಯುತ್ತಿದ್ದವು, ಅಥವಾ ನಡೆಯುತ್ತಿರಲಿಲ್ಲ. ಗಬ್ಬೂರಿನ ಏರಿನಲ್ಲಿ ಎಲ್ಲರೂ ಇಳಿದು ನೂಕಿದೆವು. ಚೇಷ್ಟೆಯಲ್ಲವೆಂದರು ಮ್ಯಾನೇಜರು. ಇಲಿ ಕಡಿದ ಮಾಲಿನ ವ್ಯಾಜ್ಯದಲ್ಲಿ ಕಡಲಿನವರು ಮೊದಲು ಕೇಳುವುದೇ ಬೆಕ್ಕನ್ನು. ಬೆಕ್ಕಿದ್ದೂ ಇಲಿ ತಿಂದರೆ ಅದು ದೈವಗತಿ, ಕಂಪನಿ ಯೋಚಿಸುತ್ತದೆ. ಬೆಕ್ಕೇ ಇಲ್ಲದಿದ್ದರೆ ಅದು ಕಾಯುವವನ ತಪ್ಪು, ಕಂಪನಿಗೆ ಸಂಬಂಧವಿಲ್ಲ. "ಬೆಕ್ಕು ಅದ ಅಲ್ರಿ?" ಎಂದು ಕೇಳಿದರು. "ಅದ" ಎಂದೆ. ಹುಸಿಯೇನಲ್ಲ. ಕೃಷ್ಣೆಯ ಆಚೆ ದಂಡೆಯಲ್ಲಿ ಎಲ್ಲೋ ಇದ್ದೇ ಇತ್ತು. "ಚಲೋ ಆತು. ಬರೂ ಬುಧವಾರ ಸರ್ವೇ ಸಾಹೇಬ್ರು ನೋಡಾಕ ಬರತಾರ" ಎಂದರು.

ಬುಧವಾರ ಬೆಳಿಗ್ಗೆ ಪಕ್ಕದ ಮನೆಯಿಂದ ಒಂದು ಗಂಡುಬೆಕ್ಕನ್ನು ಎರವಲು ತಂದು, ಕೊರಳಿಗೆ ದಾರ ಹಾಕಿ ಹರಿಗೋಲಿಗೆ ಕಟ್ಟಿದೆ. ಸರ್ವೇಯರು ಮೂಲತಃ ಕಾರವಾರದ ಕಡೆಯವರು, ಮುಂಬಯಿಯ ಬಂದರಿನಲ್ಲಿ ಕೂದಲು ನರೆಸಿದವರು. ಟೋಪಿ, ಟೇಪು ಹಿಡಿದು ಬಂದವರು ಹಡಗಿನ ಮುಂಭಾಗ ಹುಡುಕುತ್ತ ಹರಿಗೋಲನ್ನು ಮೂರು ಸುತ್ತು ಹಾಕಿದರು. ಪ್ರದಕ್ಷಿಣೆ ಎಂದುಕೊಂಡು ಶಾಂತವ್ವ ಅವರ ಕೈಗೆ ಬೆಲ್ಲ ಕೊಟ್ಟಳು. ಭೀಮಣ್ಣ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ತೂತುಗಳನ್ನು ಎಣಿಸಿ ಬರೆದಾದ ಮೇಲೆ ಸರ್ವೇಯರು ಬೆಕ್ಕಿನ ಕಡೆ ತಿರುಗಿ, "ಇದು ಇಲ್ಲಿಯದೇ ಏನು? ಇದರ ಹೆಸರೇನು?" ಎಂದು ಕೇಳಿದರು. "ಮೋತಿ" ಎಂದೆ ನಾನು. ಅದೇ ಗಳಿಗೆಗೆ ಶಾಂತವ್ವ "ನಾಗಿ" ಎಂದಳು. ಬಾಗಿಲಿನಿಂದ ಭೀಮಣ್ಣ ನನ್ನನ್ನು ಕಾಪಾಡಲೆಂದು, "ರಾಮ್ಯಾ ಅಂತಾರ್ರಿ" ಎಂದ. ಸರ್ವೇಯರು ಮೂರನ್ನೂ ಬರೆದುಕೊಂಡು, "ಬೆಕ್ಕು ಒಂದೋ ಮೂರೋ?" ಎಂದರು. ಆಗ ಒಂದು ಇಲಿ ಹರಿಗೋಲಿನ ಅಂಚಿನ ಮೇಲೆ ಬಂದು ಕೂತು ಎರಡೂ ಕೈಯಿಂದ ಮುಖ ತೊಳೆದುಕೊಂಡಿತು. ಬೆಕ್ಕು ಕಣ್ಣು ತೆರೆದು ಅದನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು.

ಶಾಂತವ್ವನಿಗೆ ತಡೆಯಲಾಗಲಿಲ್ಲ. "ಸುಳ್ಳರಿ ಸಾಹೇಬ್ರ. ಈ ತಾಯಿ ಮುಂದ ನಿಂತು ನಾ ಸುಳ್ಳ ಹೇಳಂಗಿಲ್ಲ. ಇದು ಮಗ್ಗಲ ಮನೀದು. ನಮ್ಮದೊಂದು ಬೆಕ್ಕಿತ್ತು, ಕೆಂಪಿ ಅಂತ. ನಮ್ಮ ಮನ್ಯಾಗ ಒಂದು ಇಲಿ ಬಾಲ ಕಂಡಿದ್ದಿಲ್ಲ. ಇವರೇ ಗೋಣಿಚೀಲದಾಗ ಹಾಕಿ, ಇದೇ ಹರಿಗೋಲಿನಾಗ ಕುಂಡ್ರಿಸಿ, ಹೊಳಿ ದಾಟಿಸಿ ಬಿಟ್ಟು ಬಂದಾರ" ಎಂದು ಕಣ್ಣೊರಸಿಕೊಂಡಳು. ಸರ್ವೇಯರು ಲೇಖಣಿ ಕೆಳಗಿಟ್ಟರು. "ಮಾಸ್ತರೇ, ನಾನು ಇಷ್ಟು ವರ್ಷ ಬಂದರಿನಲ್ಲಿ ಕೆಲಸ ಮಾಡಿದೆ. ಬೆಕ್ಕಿಲ್ಲದ ಹಡಗು ನೋಡಿದ್ದೇನೆ. ತನ್ನ ಬೆಕ್ಕನ್ನು ತಾನೇ ಹೊತ್ತು ಹೋಗಿ ಬಿಟ್ಟುಬಂದ ಹಡಗನ್ನು ಇದೇ ಮೊದಲು ನೋಡುತ್ತಿರುವುದು" ಎಂದರು. ಭೀಮಣ್ಣ ಮುಂದೆ ಬಂದು, "ದಾಟಿಸಿದಾಂವ ನಾನೇರಿ, ತಪ್ಪು ನಂದೂ ಅದ. ಖರೆ, ಬೆಕ್ಕಿನ ಆಯ ನಾ ತಗೊಂಡಿಲ್ಲ" ಎಂದ. ಅವರ ವರದಿಯ ಪ್ರತಿ ನನ್ನ ಹತ್ತಿರ ಇನ್ನೂ ಇದೆ. ಇಲಿಗಳ ವಿರುದ್ಧ ಇದ್ದ ವ್ಯವಸ್ಥೆ ಎಂಬ ಕಾಲಮಿನಲ್ಲಿ ಹೀಗಿದೆ: "ಶಾಲಾ ಮಾಸ್ತರರು, ಒಬ್ಬರು. ಉಪಯೋಗವಿಲ್ಲ."

ಕಂಪನಿ ಕೈಬಿಟ್ಟಿತು. ಮಳೆಗೆ ಎಂಟು ದಿನ ಉಳಿದಿದ್ದವು. ಭೀಮಣ್ಣ ಹೆಗಲ ಮೇಲಿನ ವಲ್ಲಿ ಕೊಡವಿ ಹೊರಟುಹೋದ. ಅವನ ಮನೆಯ ಏಳು ಜನ ಒಂದು ವರ್ಷ ಏನು ತಿನ್ನಬೇಕು? ನಾನೊಂದು ಮಾತು ಆಡದೆ ಇದ್ದಿದ್ದರೆ ಆ ಹರಿಗೋಲು ಬೇವಿನ ಮರದ ಕೆಳಗೆ ಸುಖವಾಗಿ ಇರುತ್ತಿತ್ತು. ಮಾರನೆಯ ದಿನವೇ ಮಾನ್ವಿಗೆ ಹೋದೆ. ಹೆಂಡತಿಯ ತವರು ಅದೇ ತಾಲೂಕಿನ ಬಾಗಲವಾಡ. ಮಾವನವರನ್ನು ಕರೆದುಕೊಂಡು ತೊಗಲಿನ ಕೆಲಸ ಬಲ್ಲವರ ಮನೆಮನೆ ತಿರುಗಿದೆ. ಎಲ್ಲಿಯೂ ಒಂದು ತುಂಡಿಲ್ಲ. ಸಿಪಾಯಿಗಳ ಬೂಟಿಗೆಂದು ಎಲ್ಲ ಹೋಗಿತ್ತು. "ಈಗ ಎಮ್ಮಿ ಜೀವಂತ ಇದ್ದಾಗೇ ಅದರ ತೊಗಲು ಮಿಲಿಟರಿಗಿ ಬರದಾರ್ರಿ" ಎಂದ ಒಬ್ಬ. ಬಸ್ಸು ಹತ್ತಿಸುವಾಗ ಮಾವನವರು, "ಅಳಿಯಂದಿರ, ನಾ ಕೊಟ್ಟಿದ್ದ ಛತ್ರಿ ಹ್ಯಾಂಗದರಿ?" ಎಂದು ಕೇಳಿದರು. ಜೋಪಾನವಾಗಿ ಇಟ್ಟಿದ್ದೇನೆ ಎಂದೆ.

ಮನೆಗೆ ಬಂದು ಕಟ್ಟೆಯ ಮೇಲೆ ಕುಸಿದು ಕೂತೆ. ಶಾಂತವ್ವ ನೀರು ತಂದು ಕೊಟ್ಟಳು, ಮುಂಗೋಡೆಯ ಪಟದ ಕಡೆ ನೋಡುತ್ತ ನಿಂತಳು. "ಅಲ್ರಿ, ಹೋದ ಮಳಿಗಾಲದಾಗ ಆ ಪಟ ಬಿಚ್ಚಿ ನಾ ಕಟಗಿ ಮ್ಯಾಲ ಹೊಚ್ಚಿದ್ದೆ. ಒಂದು ಹನಿ ಒಳಗ ಇಳದಿದ್ದಿಲ್ಲ" ಎಂದಳು. ನಾನು ಅವಳ ಮುಖ ನೋಡಿದೆ. ಅವಳು ಆಗಲೇ ದಬ್ಬಣ ಹುಡುಕಲು ಒಳಗೆ ಹೋಗಿದ್ದಳು.

ಭೀಮಣ್ಣನನ್ನು ಕರೆಸಿದೆವು. ಪಟ ಕತ್ತರಿಸಿ, ತೂತಿನ ಮೇಲೆ ತೇಪೆ ಹಾಕಿ, ಮೂವರೂ ಐದು ದಿನ ಹೊಲಿದೆವು; ರಾಳ, ಔಡಲೆಣ್ಣೆ ಕಾಯಿಸಿ ಹೊಲಿಗೆಗೆಲ್ಲ ಬಳಿದೆವು. ಬೆರಳಿಗೆ ದಬ್ಬಣ ಚುಚ್ಚಿದಾಗಲೊಮ್ಮೆ ನನಗೆ ತುಸು ಸಮಾಧಾನವಾಗುತ್ತಿತ್ತು. ಮುಗಿದ ಮೇಲೆ ನೋಡಿದರೆ ಹರಿಗೋಲಿನ ತಳದಲ್ಲಿ ಅಲ್ಲೊಂದು ಮಗು, ಇಲ್ಲೊಂದು ಮಗು, ದೊಡ್ಡ ತೂತಿನ ಮೇಲೆ ಹೆಂಡತಿಯ ನಗುಮುಖ, ಮಗ್ಗುಲಿಗೆ "ಚಿಂತೆ ನಮಗೆ" ಎಂಬಷ್ಟು ಅಕ್ಷರ. "ಪಾಪ, ಸಂಸಾರ ಎಲ್ಲಾ ನೀರಾಗ ಮುಳಗತದಲ್ರಿ" ಎಂದು ಭೀಮಣ್ಣ ಮರುಗಿದ. ಮತ್ತೆ ಚೌಕಟ್ಟು ಕಿತ್ತು ಹರಿಗೋಲನ್ನು ಹೊಳೆಗೆ ಕಳಿಸಿದೆವು.

ಮೊದಲ ನೀರು ಒಂದು ಮುಂಜಾನೆ ಬಂತು, ಕೆಂಪಗೆ, ನೊರೆ ಕಾರುತ್ತ. ದಂಡೆಯಲ್ಲಿ ಊರೇ ನೆರೆದಿತ್ತು. ಪ್ರಯಾಣಿಕನೊಬ್ಬ ಬೇಕಲ್ಲ, ತಳದ ಚಿತ್ರ ನೋಡಿದವರು ಯಾರೂ ಮುಂದೆ ಬರಲಿಲ್ಲ. ಒಬ್ಬ ಬಗ್ಗಿ, "ಇದರಾಗ ಬಿಡಿ ಅನ್ನೂ ಅಕ್ಷರ ಎಲ್ಲ್ಯದ?" ಎಂದು ಹಿಂದೆ ಸರಿದ. ಭೀಮಣ್ಣ ನನ್ನ ಕಡೆ ನೋಡಿ, "ಬರ್ರಿ ಮಾಸ್ತರ, ಹೊಲಿಗಿ ನಿಮ್ದು" ಎಂದ. ನನಗೆ ಈಜು ಬರುವುದಿಲ್ಲ. ಶೇರವಾನಿಯ ಗುಂಡಿ ಹಾಕಿಕೊಂಡು ಹತ್ತಿದೆ. ನಡುಹೊಳೆಯಲ್ಲಿ ನೀರು ಒಳಗೆ ಬರತೊಡಗಿತು. ಸರ್ವೇಯರ ಕಾಲಮು ನೆನಪಾಗಿ ರೋಷ ಬಂತು. ರೂಮಿ ಟೊಪ್ಪಿಗೆ ತೆಗೆದು ನೀರು ಮೊಗೆದು ಮೊಗೆದು ಹೊರಗೆ ಚೆಲ್ಲಿದೆ. ಗೊಂಡೆ ಅಡ್ಡ ಬರದೆ ಇದ್ದದ್ದರಿಂದ ಅದು ಮೊಗೆಯಲು ಬಹಳ ಅನುಕೂಲವಾಗಿತ್ತು. ಎದುರು ದಂಡೆಯಿಂದ ಮುದುಕನ ಹರಿಗೋಲು ಹೊರಟೇ ಇರಲಿಲ್ಲ. ಯಾಕೆಂದು ತಿಳಿಯದೆ ಭೀಮಣ್ಣ ಹುಟ್ಟು ಹಾಕಿಯೇ ಹಾಕಿದ. ದಂಡೆ ಮುಟ್ಟಿದಾಗ ನನಗೆ ಅಳು ಬಂತು. ಭೀಮಣ್ಣ ಬಾಗಿ ಹರಿಗೋಲಿಗೆ ನಮಸ್ಕಾರ ಮಾಡಿದ; ಅವಸರದಲ್ಲಿ ನನಗೂ ಮಾಡಿದ.

ಆಚೆ ದಂಡೆಯ ಮುದುಕ ಅಂಬಿಗ ತನ್ನ ಹರಿಗೋಲಿನ ಪಕ್ಕದಲ್ಲಿ ತಲೆಗೆ ಕೈಹೊತ್ತು ಕೂತಿದ್ದ. ಹೋಗಿ ನೋಡಿದೆ. ಅಂಗಾತ ಇಟ್ಟ ಹರಿಗೋಲಿನ ನಟ್ಟನಡುವೆ ಕೆಂಪಿ ನಾಲ್ಕು ಮರಿ ಹಾಕಿ ಮಲಗಿತ್ತು. "ನಿನ್ನಿ ರಾತ್ರಿ ಈದದರಿ. ಬಾಣಂತಿನ ಎಬ್ಬಸಾಕ ಬರತದೇನು? ಹೋಗಲಿ, ಈ ವರ್ಷದ ಆಯ ಭೀಮ್ಯಾಂದೇ" ಎಂದ ಮುದುಕ. ಅವನ ಹರಿಗೋಲಿನ ತೊಗಲಿನ ಮೇಲೆ ಒಂದು ಹಲ್ಲಿನ ಗುರುತೂ ಇರಲಿಲ್ಲ. ಎಲ್ಲಿಂದಲೋ ಬಂದ ಬೆಕ್ಕು, ಬೇಸಿಗೆಯೆಲ್ಲ ಇಲಿ ಹತ್ತಿರ ಸುಳಿಯಗೊಡಲಿಲ್ಲ ಎಂದು ಹೊಗಳಿದ. ನಾನು ಮೆಲ್ಲಗೆ "ಕೆಂಪೀ" ಎಂದೆ. ಅದು ನನ್ನನ್ನು ನೋಡಿ, ಮುಖ ತಿರುಗಿಸಿ ಮರಿಗಳನ್ನು ನೆಕ್ಕತೊಡಗಿತು. ಕರೆದೊಯ್ಯಲೇ ಎಂದು ಕೇಳಿದ್ದಕ್ಕೆ ಮುದುಕ, "ತಾಯಿನ ಕೊಡಂಗಿಲ್ಲರಿ. ಬೇಕಂದ್ರ ಹಾಲು ಬಿಟ್ಟ ಮ್ಯಾಲ ಒಂದು ಮರಿ ಒಯ್ರಿ" ಎಂದ.

ಕಂಪನಿ ನನ್ನ ಏಜೆನ್ಸಿ ರದ್ದು ಮಾಡಿ, ಚೀಲ ಮತ್ತು ಪಟ ಹಿಂದಿರುಗಿಸಲು ಬರೆಯಿತು. ಚೀಲ ಕಳಿಸಿದೆ, ಪಟ ಪ್ರಯಾಣದಲ್ಲಿದೆ ಎಂದು ಬರೆದೆ. ಭೀಮಣ್ಣನ ಹರಿಗೋಲು ಮುಂದಿನ ಬೇಸಿಗೆಯಿಂದ ಮತ್ತೆ ಬೇವಿನ ಮರದ ಕೆಳಗೆ, ಬೀಗವಿಲ್ಲದೆ, ಜವಾಬ್ದಾರಿಯುಳ್ಳ ವ್ಯಕ್ತಿಯಿಂದ ಎಂಟು ಹರದಾರಿ ದೂರ ಇರತೊಡಗಿತು. ಆ ಮಳೆಗಾಲದಲ್ಲೇ, ಎರಡು ತಿಂಗಳು ತುಂಬಿದ ಮೇಲೆ ಕೆಂಪಿಯ ಒಂದು ಮರಿ ನಮ್ಮ ಮನೆಗೆ ಬಂದಿತ್ತು, ಟೊಪ್ಪಿಗೆಯಲ್ಲೇ ಕೂತು ಬಂತು. ಈಗ ಅದಕ್ಕೆ ಹಲ್ಲು ಬಲಿತಿದೆ, ನನ್ನ ಶೇರವಾನಿಯ ಗುಂಡಿಗಳ ಮೇಲೆ ಅದರ ಕಣ್ಣಿದೆ. ಶೇರವಾನಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕೋಣವೆಂದು ಒಂದು ಗಳಿಗೆ ಮನಸ್ಸಾಯಿತು. ಆಮೇಲೆ ಬುದ್ಧಿ ಬಂದು, ಹೊರಗೆ ಬೀದಿಯ ಕಟ್ಟೆಯ ಮೇಲೆ, ಆ ಹಳೆಯ ತಂಬಿಗೆಯ ಪಕ್ಕದಲ್ಲಿ ಬಿಸಾಡಿ ಬಂದಿದ್ದೇನೆ. ಇಂದಿಗೆ ಹದಿನೈದು ದಿನವಾಯಿತು, ಒಂದು ಗುಂಡಿಯೂ ಹೋಗಿಲ್ಲ.